ಹತ್ತು ಪ್ರಶ್ನೆ, ನಲವತ್ತು ಅಂಕ: ಹಾಸ್ಟೆಲ್ ಕೋಣೆಯಲ್ಲಿ 'ಆಡಿಟ್' ಹಾಳೆ

ಒಬ್ಬ ವಿದ್ಯಾರ್ಥಿ ದಿನಾ ರಾತ್ರಿ ಕೋಣೆಯಲ್ಲಿ ಒಂಟಿಯಾಗಿ ಒಂದು ನೈಂಟಿ (90 ಮಿ.ಲೀ. ಮದ್ಯ) ಹಾಕಿಕೊಂಡು ಮಲಗುತ್ತಾನೆ. ಇನ್ನೊಬ್ಬ ತಿಂಗಳಿಗೊಮ್ಮೆ ಗೆಳೆಯರ ಜೊತೆ ಒಂದು ಬಾಟಲಿ ಬಿಯರ್ ಕುಡಿದು, ಅಮ್ಮನ ಕೈಗೆ ಸಿಕ್ಕಿಬಿದ್ದು ಬೈಸಿಕೊಂಡಿದ್ದಾನೆ. ಕುಡಿತ ಅಳೆಯಲು ಜಗತ್ತಿನಾದ್ಯಂತ ಬಳಸುವ 'ಆಡಿಟ್' ಪ್ರಶ್ನಾವಳಿಯಲ್ಲಿ ಮೊದಲನೆಯವನಿಗೆ 5 ಅಂಕ, ಎರಡನೆಯವನಿಗೆ 8. ಗೆರೆ ಇರುವುದು 8ಕ್ಕೆ. ಅಂದರೆ ಅಮ್ಮನಿಗೆ ಸಿಕ್ಕಿಬಿದ್ದವನು ಅಪಾಯದ ಸಾಲಿಗೆ, ನೈಂಟಿ ಇಲ್ಲದೆ ನಿದ್ದೆ ಬಾರದವನು 'ಪರವಾಗಿಲ್ಲ' ಸಾಲಿಗೆ. ಈ ವಿಚಿತ್ರ ಹೇಗೆ ಹುಟ್ಟುತ್ತದೆ ಎಂದು ಗೊತ್ತಿದ್ದವರ ಕೈಯಲ್ಲಿ ಆಡಿಟ್ ಒಳ್ಳೆಯ ಸಾಧನ. ಗೊತ್ತಿಲ್ಲದವರ ಕೈಯಲ್ಲಿ ಅದು ಬರೀ ಅಂಕಪಟ್ಟಿ.

ಇದನ್ನು ಈಗ ಬರೆಯಲು ಕಾರಣವಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ಮಧ್ಯಂತರ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು, ಹಾಸ್ಟೆಲ್ ಮತ್ತು ತರಗತಿಗಳಲ್ಲಿ ಟೆಲಿ ಮಾನಸ್‌ನಂಥ ಮಾನಸಿಕ ಆರೋಗ್ಯ ಸಹಾಯವಾಣಿಗಳ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕು ಎಂದಿತು. ಹೊಸ ಸಮಾಲೋಚಕರು ಬಂದ ಮೇಲೆ ಮೊದಲು ಹುಡುಕುವುದು ಸುಲಭದ ಒಂದು ಪರೀಕ್ಷೆಯನ್ನು. ಕುಡಿತದ ವಿಷಯಕ್ಕೆ ಬಂದರೆ ಕೈಗೆ ಸಿಗುವುದು ಆಡಿಟ್.

ಮೊದಲು ಪೊಟ್ಟಣದಲ್ಲಿ ಏನಿದೆ ನೋಡೋಣ. ಬೆಲೆ: ಶೂನ್ಯ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೊರತಂದು 2001ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿದೆ; ಮಾರಾಟಕ್ಕಲ್ಲದಿದ್ದರೆ ಪ್ರತಿ ಮಾಡಬಹುದು, ಅನುವಾದಿಸಬಹುದು. ಆಸ್ಟ್ರೇಲಿಯಾ, ನಾರ್ವೆ, ಕೀನ್ಯಾ, ಬಲ್ಗೇರಿಯಾ, ಮೆಕ್ಸಿಕೊ, ಅಮೆರಿಕ ಎಂಬ ಆರು ದೇಶಗಳಲ್ಲಿ ಒರೆಗೆ ಹಚ್ಚಿ ಮಾಡಿದ್ದು. ಪಟ್ಟಿಯಲ್ಲಿ ಭಾರತ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪ್ರಶ್ನೆಗಳು 10, ಒಟ್ಟು ಅಂಕ 40, ತುಂಬಲು ಎರಡು ಮೂರು ನಿಮಿಷ ಸಾಕು. ಮೊದಲ 3 ಪ್ರಶ್ನೆ ಎಷ್ಟು, ಎಷ್ಟು ಸಲ ಎಂದು ಕೇಳುತ್ತವೆ. 4ರಿಂದ 6 ಹಿಡಿತ ತಪ್ಪುವುದರ ಬಗ್ಗೆ: ಶುರು ಮಾಡಿದರೆ ನಿಲ್ಲಿಸಲು ಆಗದಿರುವುದು, ಮಾಡಬೇಕಾದ ಕೆಲಸ ಬಿಟ್ಟುಹೋಗುವುದು, ಬೆಳಿಗ್ಗೆ ಎದ್ದೊಡನೆ ಬೇಕಾಗುವುದು. 7ರಿಂದ 10 ಹಾನಿಯ ಬಗ್ಗೆ: ತಪ್ಪಿತಸ್ಥ ಭಾವ, ಹಿಂದಿನ ರಾತ್ರಿಯ ನೆನಪೇ ಇಲ್ಲದಿರುವುದು, ತನಗೋ ಇನ್ನೊಬ್ಬರಿಗೋ ಪೆಟ್ಟು, 'ಕಡಿಮೆ ಮಾಡು' ಎಂದು ಮನೆಯವರೋ ಗೆಳೆಯರೋ ವೈದ್ಯರೋ ಹೇಳಿದ್ದು. ಮೊದಲ 8 ಪ್ರಶ್ನೆಗೆ 0ರಿಂದ 4. ಕೊನೆಯ ಎರಡಕ್ಕೆ 0, 2 ಅಥವಾ 4 ಮಾತ್ರ. ಕೈಪಿಡಿಯ ಪ್ರಕಾರ 7ರವರೆಗೆ ತಿಳಿವಳಿಕೆ ಸಾಕು, 8ರಿಂದ 15ಕ್ಕೆ ಸಲಹೆ, 16ರಿಂದ 19ಕ್ಕೆ ಕಿರು ಸಮಾಲೋಚನೆ ಮತ್ತು ನಿಗಾ, 20 ಅಥವಾ ಹೆಚ್ಚು ಬಂದರೆ ತಜ್ಞರ ಬಳಿಗೆ. ಹೆಣ್ಣುಮಕ್ಕಳಿಗೆ ಗೆರೆಯನ್ನು 7ಕ್ಕೆ ಇಳಿಸುವುದು ಒಳ್ಳೆಯದು ಎಂದೂ ಅದರಲ್ಲೇ ಇದೆ.

ಹಾಳೆ ನಮ್ಮಲ್ಲಿ ಮೊದಲು ಕೆಡುವುದು ಎರಡನೆಯ ಪ್ರಶ್ನೆಯಲ್ಲಿ. 'ಕುಡಿಯುವ ದಿನ ಎಷ್ಟು ಡ್ರಿಂಕ್?' ಆಡಿಟ್‌ನ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಮದ್ಯಸಾರ. ನಮ್ಮ ಹುಡುಗರ ಬಾಯಲ್ಲಿ ಇರುವುದು ನೈಂಟಿ, ಕ್ವಾರ್ಟರ್, ಲಾರ್ಜ್, ಬಿಯರ್. 'ಡ್ರಿಂಕ್' ಎಂಬುದನ್ನು 'ಗ್ಲಾಸ್' ಎಂದೋ 'ಪೆಗ್' ಎಂದೋ ಅನುವಾದಿಸಿದ ಹಾಳೆಗೆ ಬಂದ ಉತ್ತರ ನಂಬುವಂಥದ್ದಲ್ಲ. ಲೆಕ್ಕ ಕಷ್ಟದ್ದೇನಲ್ಲ: ಮಿಲಿಲೀಟರನ್ನು ಬಾಟಲಿ ಮೇಲಿನ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಶೇ 42.8ರ ವಿಸ್ಕಿ, ಬ್ರಾಂದಿ, ರಮ್‌ನ 30 ಮಿ.ಲೀ. ಅಂದರೆ 10 ಗ್ರಾಂ, ಒಂದು ಡ್ರಿಂಕ್. 90 ಮಿ.ಲೀ. ಟೆಟ್ರಾ ಪ್ಯಾಕ್ ಮೂರು ಡ್ರಿಂಕ್. 180ರ ಕ್ವಾರ್ಟರ್ ಆರು. 650 ಮಿ.ಲೀ. ಬಿಯರ್ ಶೇ 5ರದ್ದಾದರೆ ಎರಡೂವರೆ, ಶೇ 8ರ ಸ್ಟ್ರಾಂಗ್ ಆದರೆ ನಾಲ್ಕು. 'ಬರೀ ಬಿಯರ್ ಸಾರ್' ಅನ್ನುವವನು ಎರಡು ಸ್ಟ್ರಾಂಗ್ ಮುಗಿಸಿದ್ದರೆ ಕ್ವಾರ್ಟರ್ ಹೊಡೆದವನಿಗಿಂತ ಎರಡು ಡ್ರಿಂಕ್ ಮುಂದಿರುತ್ತಾನೆ.

ಈ ತಪ್ಪು ಒಂದೇ ಪ್ರಶ್ನೆಗೆ ನಿಲ್ಲುವುದೂ ಇಲ್ಲ. ಪ್ರತಿ ಶನಿವಾರ ಒಂದು ಕ್ವಾರ್ಟರ್ ಕುಡಿಯುವವನನ್ನು ತೆಗೆದುಕೊಳ್ಳಿ. ಸರಿಯಾಗಿ ತುಂಬಿದರೆ ಮೊದಲ ಪ್ರಶ್ನೆಗೆ 2, ಎರಡಕ್ಕೆ 2, 'ಒಂದೇ ಸಲಕ್ಕೆ ಆರು ಅಥವಾ ಹೆಚ್ಚು' ಎಂಬ ಮೂರಕ್ಕೆ 3, ಅಲ್ಲಿಗೇ 7. ಕ್ವಾರ್ಟರ್ ಅಂದರೆ 'ಒಂದು' ಎಂದು ತಿಳಿದು ತುಂಬಿದರೆ 2, 0, 0. ಕೈಪಿಡಿಯಲ್ಲಿ ಸಮಯ ಉಳಿಸಲು ಒಂದು ಒಳದಾರಿ ಇದೆ: ಎರಡು ಮತ್ತು ಮೂರನೆಯ ಪ್ರಶ್ನೆಗಳ ಮೊತ್ತ ಸೊನ್ನೆಯಾದರೆ ನೇರ 9ಕ್ಕೆ ಹೋಗಿ. ಹಾಗೆ ಹೋದರೆ ನೆನಪು ತಪ್ಪುವ ಪ್ರಶ್ನೆ, ಬೆಳಗಿನ ಕುಡಿತದ ಪ್ರಶ್ನೆ, ಯಾವುದನ್ನೂ ಅವನಿಗೆ ಕೇಳುವುದೇ ಇಲ್ಲ. ಆನ್‌ಲೈನ್ ಫಾರ್ಮ್‌ಗಳು ಈ ಒಳದಾರಿಯನ್ನು ತಾವೇ ಹಿಡಿದುಬಿಟ್ಟರೆ ತಪ್ಪು ಕಣ್ಣಿಗೂ ಬೀಳುವುದಿಲ್ಲ. ಕನ್ನಡ ಹಾಳೆ ಮಾಡುವವರು ಒಳದಾರಿ ತೆಗೆದುಹಾಕಲಿ. 'ಯಾವುದು, ಎಷ್ಟು ಮಿ.ಲೀ.' ಎಂದು ಕೇಳಿ ಡ್ರಿಂಕ್ ಲೆಕ್ಕವನ್ನು ತಾವೇ ಹಾಕಲಿ.

ಎರಡನೆಯ ಕೊರತೆ ಸಂಸ್ಕೃತಿಯದ್ದು. ಕುಡಿತ ಅಡುಗೆಮನೆಯ ಮಾತಾಗಿರುವ ದೇಶದಲ್ಲಿ 'ತಪ್ಪು ಮಾಡಿದೆ ಅನ್ನಿಸಿತೆ' ಎಂಬ ಪ್ರಶ್ನೆಗೆ ಒಂದು ತೂಕ; ಬಾಟಲಿ ಕಂಡರೆ ಬಾಗಿಲು ಹಾಕುವ ಮನೆಯಲ್ಲಿ ಬೇರೆ ತೂಕ. ಮೊದಲು ಹೇಳಿದ ಬಿಯರ್ ಹುಡುಗನ ಲೆಕ್ಕ ನೋಡಿ: ತಿಂಗಳಿಗೊಮ್ಮೆ, 1. ಎರಡೂವರೆ ಡ್ರಿಂಕನ್ನು ಮೂರು ಎಂದು ಹಿಡಿದರೆ, 1. ಪ್ರತಿ ಸಲ ಪಶ್ಚಾತ್ತಾಪ, 2. ಈ ವರ್ಷ ಅಮ್ಮ ಹೇಳಿದ್ದಾರೆ, 4. ಒಟ್ಟು 8. ಅದರಲ್ಲಿ 6 ಅಂಕ ಅವನ ಮನೆಯದ್ದು. 'ಪಾಪಪ್ರಜ್ಞೆ' ಎಂದು ಅನುವಾದಿಸಿದರೆ ಇನ್ನೂ ಏರುತ್ತದೆ. 'ಕುಡಿದು ಮಾಡಿದ ಯಾವುದಾದರೂ ಕೆಲಸಕ್ಕೆ ಆಮೇಲೆ ಬೇಸರಪಟ್ಟಿದ್ದುಂಟೆ' ಎಂದರೆ ಪ್ರಶ್ನೆಯ ಅಸಲು ಉದ್ದೇಶಕ್ಕೆ ಹತ್ತಿರ.

ಇನ್ನು ನೈಂಟಿ ಹುಡುಗ. ದಿನಾ, ಆದ್ದರಿಂದ 4. ಮೂರು ಡ್ರಿಂಕ್, 1. ಆರು ಎಂದೂ ಮುಟ್ಟಿಲ್ಲ, 0. ಕ್ಲಾಸು ತಪ್ಪಿಸಿಲ್ಲ, ಬಿದ್ದಿಲ್ಲ, ಜಗಳವಾಡಿಲ್ಲ, ಗುಟ್ಟಾಗಿ ಕುಡಿಯುವುದರಿಂದ ಯಾರೂ ಏನೂ ಹೇಳಿಲ್ಲ. ಒಟ್ಟು 5. ಆದರೆ ವಾರಕ್ಕೆ 21 ಡ್ರಿಂಕ್, 210 ಗ್ರಾಂ. ಶನಿವಾರದ ಕ್ವಾರ್ಟರ್‌ನವನದು ವಾರಕ್ಕೆ 6. ಬ್ರಿಟನ್ನಿನ ಕಡಿಮೆ ಅಪಾಯದ ಮಿತಿ ವಾರಕ್ಕೆ 14 ಯೂನಿಟ್, ಸುಮಾರು 112 ಗ್ರಾಂ. ಇವನು ಅದರ ಹೆಚ್ಚುಕಡಿಮೆ ಎರಡರಷ್ಟು. ಇವನನ್ನು ಹಿಡಿಯುವುದು ಪೂರ್ತಿ ಹಾಳೆಯಲ್ಲ, ಅದರ ಮೊದಲ ಮೂರು ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡ 'ಆಡಿಟ್-ಸಿ'. ಅದರ ಒಟ್ಟು ಅಂಕ 12. ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಮುಂದೆ ವಿಚಾರಿಸಬೇಕು. ಅಲ್ಲಿ ಇವನ 5 ಗೆರೆ ದಾಟುತ್ತದೆ, ಬಿಯರ್ ಹುಡುಗನ 2 ದಾಟುವುದಿಲ್ಲ. ಹಾಗಾಗಿ ಒಂದೇ ಹಾಳೆಯಿಂದ ಎರಡು ಮೊತ್ತ ತೆಗೆಯಿರಿ, ಅಂಕ ಯಾವ ಪ್ರಶ್ನೆಯಿಂದ ಬಂತು ಎಂದು ನೋಡಿ. 6ನೆಯ ಪ್ರಶ್ನೆ, ಬೆಳಗಿನ ಕುಡಿತ, ಒಂದೇ ಅಂಕ ಕೊಟ್ಟರೂ ಒಟ್ಟು ಎಷ್ಟೆಂದು ನೋಡದೆ ಮಾತಾಡಿಸಿ. 8ನೆಯದರಲ್ಲಿ, ನೆನಪು ತಪ್ಪುವ ಪ್ರಶ್ನೆಯಲ್ಲಿ, ಒಂದು ಎಚ್ಚರ: ಮನಸ್ಸಿಗೆ ಹಳೆಯ ಆಘಾತ ಆಗಿರುವವರಿಗೆ ಕುಡಿಯದೆಯೂ ಕೆಲವು ಹೊತ್ತು ಮಸುಕಾಗಿ ಕಳೆದುಹೋಗುವುದುಂಟು. 'ಕುಡಿಯದ ದಿನವೂ ಹೀಗಾಗುತ್ತದಾ?' ಎಂಬ ಮರುಪ್ರಶ್ನೆ ಬೇಕು.

ಹಾಳೆಯ ಅತಿ ದೊಡ್ಡ ಕೊರತೆ ಇದಕ್ಕಿಂತ ಆಳದ್ದು. ಹತ್ತು ಪ್ರಶ್ನೆಗಳಲ್ಲಿ ಒಂದೂ 'ಯಾಕೆ' ಎಂದು ಕೇಳುವುದಿಲ್ಲ. 1994ರಲ್ಲಿ ಲಿನ್ ಕೂಪರ್ ರೂಪಿಸಿದ 20 ಪ್ರಶ್ನೆಗಳ ಪಟ್ಟಿ ಕುಡಿಯುವ ಕಾರಣಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ: ಜೊತೆಗಾರರೊಂದಿಗಿನ ಸಂತೋಷಕ್ಕೆ, ಮಜಾಕ್ಕೆ, ಗುಂಪಿನಿಂದ ಹೊರಗುಳಿಯಬಾರದೆಂದು, ನೋವು ಮರೆಯಲು. ಮೊದಲೆರಡು ಕಾರಣದವರೂ ಹೆಚ್ಚು ಕುಡಿಯಬಹುದು. ಆದರೆ ನೋವು ಮರೆಯಲು ಕುಡಿಯುವವರಲ್ಲಿ ಕುಡಿದ ಪ್ರಮಾಣ ಅಷ್ಟಿಲ್ಲದಿದ್ದರೂ ತೊಂದರೆಗಳು ಹೆಚ್ಚು. ಯಾಕೆಂದರೆ ಪಾರ್ಟಿ ಮುಗಿದರೆ ಮಜಾದ ಕಾರಣ ಮುಗಿಯುತ್ತದೆ, ನೋವಿನ ಕಾರಣ ಮಾರನೆಯ ರಾತ್ರಿಯೂ ಕಾದಿರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಬಾಲ್ಯದ ಕಹಿ ಅನುಭವಗಳ ಅಧ್ಯಯನದಲ್ಲಿ, ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವ ಕಂಡವರು ಕುಡಿತದ ದಾಸರಾಗುವ ಸಾಧ್ಯತೆ ಏನೂ ಕಾಣದವರಿಗಿಂತ ಏಳು ಪಟ್ಟಿಗೂ ಹೆಚ್ಚಿತ್ತು. ನಮ್ಮ ಹಾಸ್ಟೆಲುಗಳಲ್ಲಿ ಆ ಅನುಭವ ಕುಡಿದು ಬಂದು ಹೊಡೆಯುತ್ತಿದ್ದ ಅಪ್ಪನದ್ದಿರಬಹುದು, ಲೈಂಗಿಕ ದೌರ್ಜನ್ಯದ್ದಿರಬಹುದು, ರ‍್ಯಾಗಿಂಗ್ ಅಥವಾ ಜಾತಿ ಹಿಡಿದು ಮಾಡಿದ ಅವಮಾನದ್ದಿರಬಹುದು, ಕಣ್ಣೆದುರೇ ಆದ ಬೈಕ್ ಅಪಘಾತದ್ದಿರಬಹುದು. ಮೂರು ಸಬ್ಜೆಕ್ಟ್ ಬ್ಯಾಕ್ ಇರುವುದು ಒತ್ತಡ. ಅದನ್ನು ಆಘಾತ ಎಂದು ಕರೆದರೆ ಎರಡಕ್ಕೂ ಅನ್ಯಾಯ.

ನೈಂಟಿ ಯಾಕೆ ಕೆಲಸ ಮಾಡಿದಂತೆ ಕಾಣುತ್ತದೆ, ಆಮೇಲೆ ಯಾಕೆ ಕೈಕೊಡುತ್ತದೆ ಎನ್ನುವುದನ್ನು ವಿದ್ಯಾರ್ಥಿಗೆ ಬಿಡಿಸಿ ಹೇಳುವುದು ಅಂಕ ಹೇಳುವುದಕ್ಕಿಂತ ಉಪಯೋಗ. ಮದ್ಯ ಬೇಗ ನಿದ್ದೆ ತರುತ್ತದೆ, ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಒತ್ತಿಹಿಡಿಯುತ್ತದೆ. ದೇಹ ಗಂಟೆಗೆ ಸುಮಾರು ಒಂದು ಡ್ರಿಂಕ್ ಕರಗಿಸುತ್ತದೆ. ಹನ್ನೊಂದಕ್ಕೆ ಹಾಕಿದ ನೈಂಟಿ ಎರಡು ಮೂರು ಗಂಟೆಯ ಹೊತ್ತಿಗೆ ಇಳಿದಿರುತ್ತದೆ. ಆಗ ಒತ್ತಿಹಿಡಿದ ಕನಸುಗಳು ಒಟ್ಟಿಗೆ ನುಗ್ಗುತ್ತವೆ, ಎದೆಬಡಿತ ಏರಿರುತ್ತದೆ, ಎಚ್ಚರವಾಗುತ್ತದೆ. 'ಕುಡಿದರೂ ಮೂರಕ್ಕೆ ಎಚ್ಚರ ಆಗ್ತದೆ' ಅನ್ನುವವನು ಮುಂದಿನ ವಾರ ನೈಂಟಿಯನ್ನು ಕ್ವಾರ್ಟರ್ ಮಾಡುತ್ತಾನೆ. ಅಂಕ 5ರಿಂದ ಮೇಲೆ ಹೊರಡುವುದು ಆಗ. ಅಷ್ಟರವರೆಗೆ ಕಾಯುವುದು ಹಾಳೆಯ ಸ್ವಭಾವ, ಸಮಾಲೋಚಕರದ್ದಾಗಬಾರದು.

ಆದ್ದರಿಂದ ಹಾಳೆಯ ಹಿಂಭಾಗದಲ್ಲಿ ಮೂರು ಪ್ರಶ್ನೆ ಸೇರಿಸಿಕೊಳ್ಳುವುದು ನಮ್ಮ ಶಿಫಾರಸು. ಇವಕ್ಕೆ ಅಂಕ ಬೇಡ. ಒಂಟಿಯಾಗಿ ಕುಡಿಯುವುದುಂಟೆ? ನಿದ್ದೆಗೆಂದೋ ಏನನ್ನಾದರೂ ಮರೆಯಲೆಂದೋ ಕುಡಿಯುವುದುಂಟೆ? ಕುಡಿಯದ ರಾತ್ರಿ ಏನಾಗುತ್ತದೆ? ಎರಡನೆಯದಕ್ಕೆ 'ಹೌದು' ಬಂದರೆ ಪಿಸಿ-ಪಿಟಿಎಸ್‌ಡಿ-5 ಎಂಬ, ಆಘಾತದ ಗುರುತು ಹುಡುಕುವ ಐದು ಹೌದು-ಇಲ್ಲ ಪ್ರಶ್ನೆಗಳ ಚೀಟಿ ಕೊಡಬಹುದು: ಕಳೆದ ತಿಂಗಳಲ್ಲಿ ಕೆಟ್ಟ ಕನಸು ಅಥವಾ ಬೇಡವಾದ ನೆನಪು, ಅದನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು, ಸದಾ ಬೆಚ್ಚುವುದು, ಮರಗಟ್ಟಿದಂತಾಗುವುದು, ಆದದ್ದಕ್ಕೆ ತನ್ನನ್ನೋ ಇತರರನ್ನೋ ದೂರುವುದು. ಮೂರಕ್ಕೆ ಹೌದು ಬಂದರೆ ತಜ್ಞರ ಬಳಿ ಕಳಿಸುವುದು ಸರಿ. 'ಏನಾಯಿತು, ಹೇಳು' ಎಂದು ಕಾಲೇಜಿನಲ್ಲಿ ಒತ್ತಾಯಿಸಬೇಡಿ. ಬಿಚ್ಚಿದ ಗಾಯವನ್ನು ಹೊಲಿಯುವ ಕೈ ಹತ್ತಿರ ಇಲ್ಲದಾಗ ಬಿಚ್ಚಬಾರದು. ಆ ರಾತ್ರಿ ಅವನು ಹೆಚ್ಚು ಕುಡಿಯುವ ಸಾಧ್ಯತೆಯೇ ಜಾಸ್ತಿ.

ಬಳಸುವ ರೀತಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಹಾಕಿಸಿ, ಕಾಲೇಜಿನ ಇಮೇಲ್‌ನಿಂದ ತುಂಬಿಸಿ, ವಾರ್ಡನ್ ಕೈಗೆ ಪಟ್ಟಿ ಕೊಡುವುದು. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಪದವಿಯ ಬಹುಪಾಲು ವಿದ್ಯಾರ್ಥಿಗಳು ಆ ವಯಸ್ಸಿನ ಕೆಳಗಿದ್ದಾರೆ. ಹೆಸರು ಕೇಳಿದ ಫಾರ್ಮ್‌ನಲ್ಲಿ ಎಲ್ಲರೂ ಸೊನ್ನೆ ಬರೆಯುತ್ತಾರೆ, ಹುಡುಗಿಯರು ಖಂಡಿತ ಬರೆಯುತ್ತಾರೆ, ಕಾಲೇಜು 'ನಮ್ಮಲ್ಲಿ ಸಮಸ್ಯೆ ಇಲ್ಲ' ಎಂದು ವರದಿ ಕಳಿಸುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಸೆಕ್ಷನ್ ಗೌಪ್ಯತೆಯ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸಿದೆ. ವಾರ್ಡನ್ ಆ ಸಾಲಿನಲ್ಲಿ ಬರುವುದಿಲ್ಲ. ಹಾಳೆಯನ್ನು ವಿದ್ಯಾರ್ಥಿಯ ಕೈಯಲ್ಲೇ ಬಿಟ್ಟು, ಅಂಕ ಕೂಡುವುದನ್ನು ಕಲಿಸಿ, ಬೇಕಾದವರು ಬರಲಿ ಎಂದರೆ ಬರುವವರು ಕಡಿಮೆ, ಬಂದವರು ನಿಜ ಹೇಳುತ್ತಾರೆ.

ಅಂಕ ಬಂದ ಮೇಲೆ ಏನು? 8ರಿಂದ 15ರ ನಡುವಿನ, ಮಜಾಕ್ಕೆ ಕುಡಿಯುವ ವಿದ್ಯಾರ್ಥಿಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಬೇಸಿಕ್ಸ್' ಮಾದರಿ ಚೆನ್ನಾಗಿ ಹೊಂದುತ್ತದೆ. ಎರಡೇ ಭೇಟಿ, ಉಪದೇಶ ಇಲ್ಲ, ಅವನದೇ ಕುಡಿತದ ಲೆಕ್ಕವನ್ನು ಅವನ ಮುಂದಿಡುವುದು, 'ಎಲ್ಲರೂ ಕುಡಿಯುತ್ತಾರೆ' ಎಂಬ ಅಂದಾಜು ಎಷ್ಟು ತಪ್ಪು ಎಂದು ತೋರಿಸುವುದು. ನೋವಿಗೆ ಕುಡಿಯುವವನಿಗೆ ಇದೊಂದೇ ಸಾಲದು. 'ಮೊದಲು ಕುಡಿತ ಬಿಡು, ಆಮೇಲೆ ಆಘಾತದ ಚಿಕಿತ್ಸೆ' ಎಂಬ ಹಳೆಯ ಕ್ರಮವೂ ಈಗ ಸಡಿಲಾಗಿದೆ. ಎರಡನ್ನೂ ಜೊತೆಯಲ್ಲೇ ನೋಡುವುದು ಸಾಧ್ಯ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು.

ಅಲ್ಲಿಯವರೆಗಿನ ಸೇತುವೆಯಾಗಿ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಉಚಿತ, ದಿನದ 24 ಗಂಟೆ, ಕನ್ನಡವೂ ಸೇರಿ 20 ಭಾಷೆಗಳು. ಕರೆ ಮಾಡಿದರೆ ಮೊದಲು ಭಾಷೆ ಆರಿಸಿಕೊಳ್ಳಬೇಕು, ಆಮೇಲೆ ಸಮಾಲೋಚಕರು ಸಿಗುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ರಾತ್ರಿ ಮೂರಕ್ಕೆ ಎಚ್ಚರಾದವನಿಗೆ ಇದರ ಬೆಲೆ ಗೊತ್ತಾಗುತ್ತದೆ. ಕಾಲೇಜಿನ ಸಮಾಲೋಚಕರು ಸಿಗುವುದು ಹತ್ತರಿಂದ ನಾಲ್ಕರವರೆಗೆ. ಮಿತಿಯೂ ಇದೆ: ಆಘಾತದ ಚಿಕಿತ್ಸೆಗೆ ವಾರವಾರದ ಭೇಟಿ ಬೇಕು, ಸಹಾಯವಾಣಿ ಅದರ ಜಾಗ ತುಂಬಲಾರದು. ನಾಲ್ಕು ಮಂಚದ ಕೋಣೆಯಲ್ಲಿ ಮಾತಾಡಲು ಜಾಗವೂ ಇರುವುದಿಲ್ಲ. ಟೆರೇಸಿಗೆ ಹೋಗಿ ಎಂದು ಮಾತ್ರ ಹೇಳಬೇಡಿ, ಮೆಟ್ಟಿಲ ಬುಡ ಅಥವಾ ಗೇಟಿನ ಹತ್ತಿರ ವಾಸಿ. ಕರೆಗೆ ಮುಂಚೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು: ಯಾವ ಮದ್ಯ, ಎಷ್ಟು ಮಿ.ಲೀ., ವಾರಕ್ಕೆ ಎಷ್ಟು ರಾತ್ರಿ, ಕೊನೆಯ ಸಲ ಯಾವಾಗ, ಬೇರೆ ಮಾತ್ರೆ ಏನಾದರೂ ಉಂಟೋ. ಸಾಯುವ ಯೋಚನೆ ಇದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. 14416ಕ್ಕೆ ಒಂದೇ ಅಂಕೆಯ ವ್ಯತ್ಯಾಸದಲ್ಲಿ 14446 ಇದೆ. ಅದು ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ. ಗೋಡೆಗೆ ಅಂಟಿಸುವಾಗ ಎರಡನ್ನೂ ಹೆಸರಿನ ಸಮೇತ ಹಾಕಿ.

20 ಅಥವಾ ಹೆಚ್ಚು ಅಂಕ ಬಂದವರ ಬಗ್ಗೆ ಕಾಲೇಜುಗಳು ಮಾಡುವ ಅಪಾಯದ ತಪ್ಪು, 'ಇವತ್ತಿನಿಂದಲೇ ಬಿಡು' ಎಂದು ಪ್ರಮಾಣ ಮಾಡಿಸುವುದು. ತಿಂಗಳುಗಟ್ಟಲೆ ದಿನಾ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗಬಹುದು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣುವ, ಗೊಂದಲದ ಸ್ಥಿತಿಗೆ ಹೋಗಬಹುದು. ದಸರಾ ರಜೆಗೆ ಊರಿಗೆ ಹೋದ ಹುಡುಗನಿಗೆ ಮನೆಯಲ್ಲಿ ಕುಡಿಯಲು ಸಿಗದೆ ಹೀಗಾದರೆ ಮನೆಯವರು ಜ್ವರವೆಂದೋ ದೆವ್ವವೆಂದೋ ತಿಳಿಯುತ್ತಾರೆ. ನಿಲ್ಲಿಸುವುದು ವೈದ್ಯರ ಕಣ್ಣೆದುರೇ ಆಗಬೇಕು.

ಹಾಳೆಯ ಕೆಳಗೆ ಖಾಲಿ ಉಳಿದ ಜಾಗದಲ್ಲಿ ರೂಮ್‌ಮೇಟ್‌ಗಳಿಗಾಗಿ ಇಷ್ಟು ಮುದ್ರಿಸಿ. ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಬಿಡುವು, ತುಟಿ ನೀಲಿ, ಮೈ ತಣ್ಣಗೆ, ಪ್ರಜ್ಞೆಯಿಲ್ಲದೆ ವಾಂತಿ: ಇವುಗಳಲ್ಲಿ ಒಂದಿದ್ದರೂ 108 ಅಥವಾ 112. ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಿಡಿ, ಬಾಯಿ ಕೆಳಮುಖವಾಗಿರಲಿ, ಒಬ್ಬರು ಪಕ್ಕದಲ್ಲೇ ಕೂತಿರಿ. ಮಜ್ಜಿಗೆ, ನಿಂಬೆರಸ, ಕಾಫಿ ಬಾಯಿಗೆ ಹಾಕಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ, ತಣ್ಣೀರು ಸ್ನಾನ ಬೇಡ. ಕೊನೆಯ ಗುಟುಕಿನ ನಂತರವೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. 'ಮಲಗಿದ್ದಾನೆ, ಬೆಳಿಗ್ಗೆ ಸರಿಹೋಗ್ತಾನೆ' ಎಂದು ಲೈಟ್ ಆರಿಸಬೇಡಿ.